ಅಲ್ಪವಿರಾಮಕ್ಕೆ ಅಷ್ಟು ಬಲವಿಲ್ಲ

ಕಳೆದ ಚಳಿಗಾಲದ ಒಂದು ಶನಿವಾರ. ಕನ್ನಡ ತರಗತಿ ಮುಗಿದು ಮಕ್ಕಳು ಕೋಟು, ಬೂಟು ಹುಡುಕಿಕೊಳ್ಳುತ್ತಿದ್ದಾಗ 7ನೇ ಗ್ರೇಡಿನ ಹುಡುಗಿಯೊಬ್ಬಳ ತಾಯಿ ನಮ್ಮ ಕೈಗೆ ಒಂದು ಹಾಳೆ ಕೊಟ್ಟರು. ಮಗಳು ತನ್ನ ಶಾಲೆಯಲ್ಲಿ ಬರೆದ ಇಂಗ್ಲಿಷ್ ಪ್ರಬಂಧ. ಒಂದೇ ಪುಟದಲ್ಲಿ ಆರು ಕಡೆ ಕೆಂಪು ಶಾಯಿಯಲ್ಲಿ 'ರನ್-ಆನ್' ಎಂದು ಬರೆದಿತ್ತು. "ಮೇಡಂ, ಕನ್ನಡದಿಂದಲೇ ಹೀಗಾಗ್ತಿದೆಯೇನೋ. ಕನ್ನಡ ಕ್ಲಾಸ್ ಬಿಡಿಸಿಬಿಡೋಣ ಅಂತ ಇವಳ ಅಪ್ಪ ಹೇಳ್ತಿದಾರೆ" ಎಂದರು. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು.

ಆ ಹೊತ್ತಿಗೆ ನಮ್ಮಲ್ಲಿ ನೆಟ್ಟನೆಯ ಉತ್ತರವಿರಲಿಲ್ಲ. ಹಾಳೆಯನ್ನು ಮನೆಗೆ ತಂದು ಓದಿದೆವು. ಅದರಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ, ಊರಿನಿಂದ ಬಂದಿರುವ ಅಜ್ಜ ಅಜ್ಜಿಯರೂ ಮೊಮ್ಮಕ್ಕಳ ಜೊತೆ ಕೂತು ಓದಲಿ ಎಂದು.

ಆ ಪುಟದ ಮೊದಲ ತಪ್ಪು ಇದು: 'ಇಟ್ ಸ್ನೋಡ್ ಆಲ್ ನೈಟ್, ದಿ ಬಸ್ ಕೇಮ್ ಲೇಟ್, ವಿ ಮಿಸ್ಡ್ ದಿ ಮ್ಯಾಥ್ ಟೆಸ್ಟ್.'

ವಾಕ್ಯ ಉದ್ದವಾಗಿರುವುದೇ ತಪ್ಪು ಎಂದು ಅನೇಕ ಮಕ್ಕಳು, ಕೆಲವು ಪೋಷಕರು ಕೂಡ, ತಿಳಿದಿದ್ದಾರೆ. ಹಾಗಲ್ಲ. 'ಐ ಸ್ಲೆಪ್ಟ್, ಶಿ ರೆಡ್' ಎಂಬ ನಾಲ್ಕೇ ಪದಗಳೂ ರನ್-ಆನ್ ಆಗುತ್ತವೆ. ಐವತ್ತು ಪದಗಳ ವಾಕ್ಯ ಸರಿಯಾಗಿಯೇ ಇರಬಹುದು. ನೋಡಬೇಕಾದದ್ದು ಉದ್ದವನ್ನಲ್ಲ, ಕೊಂಡಿಯನ್ನು.

ಇದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ. 'ರಾತ್ರಿಯೆಲ್ಲಾ ಹಿಮ ಬಿದ್ದು, ಬಸ್ಸು ತಡವಾಗಿ ಬಂದು, ನಮಗೆ ಗಣಿತದ ಪರೀಕ್ಷೆ ತಪ್ಪಿಹೋಯಿತು.' ಇಲ್ಲಿ 'ಬಿದ್ದು', 'ಬಂದು' ಎಂಬುವು ಪೂರ್ಣ ಕ್ರಿಯಾಪದಗಳಲ್ಲ. ವ್ಯಾಕರಣದಲ್ಲಿ ಇವನ್ನು ಕೃದಂತಾವ್ಯಯ ಎನ್ನುತ್ತಾರೆ. 'ಬಸ್ಸು ತಡವಾಗಿ ಬಂದು' ಎಂದು ನಿಲ್ಲಿಸಿದರೆ ಕೇಳುವವರು "ಆಮೇಲೆ?" ಎನ್ನುತ್ತಾರೆ. ಮುಂದಿನ ಮಾತಿಗೆ ಕೈ ಚಾಚುವುದು ಪದದ ಕೊನೆಯ 'ದು'. ಅಲ್ಪವಿರಾಮಗಳನ್ನು ಅಳಿಸಿಹಾಕಿದರೂ ವಾಕ್ಯ ಕುಸಿಯುವುದಿಲ್ಲ. ಇಂಗ್ಲಿಷಿನ 'ಸ್ನೋಡ್', 'ಕೇಮ್', 'ಮಿಸ್ಡ್' ಹಾಗಲ್ಲ. ಮೂರೂ ಪೂರ್ಣ ಕ್ರಿಯಾಪದಗಳು, ಮೂರಕ್ಕೂ ಪ್ರತ್ಯೇಕ ಕರ್ತೃ. ಅಂದರೆ ಅವು ಮೂರು ವಾಕ್ಯಗಳು. ಅವನ್ನು ಕಟ್ಟುವ ಬಲ ಅಲ್ಪವಿರಾಮಕ್ಕಿಲ್ಲ.

ಹಾಗಾದರೆ ತಪ್ಪು ಕನ್ನಡದ್ದೇ? 'ಹಿಮ ಬಿತ್ತು, ಬಸ್ಸು ತಡವಾಯಿತು' ಎಂದು ಅಲ್ಪವಿರಾಮದಲ್ಲೇ ಸಾಗಿದರೂ ಕನ್ನಡ ಮುನಿಸಿಕೊಳ್ಳುವುದಿಲ್ಲ, ನಿಜ. ಆದರೆ ಕನ್ನಡದ ಒಂದಕ್ಷರ ಬಾರದ ಮಕ್ಕಳೂ ಇದೇ ತಪ್ಪು ಮಾಡುತ್ತಾರೆ. ಮಾತಿನಲ್ಲಿ ಯಾರಿಗೂ ವಿರಾಮಚಿಹ್ನೆ ಬೇಕಿಲ್ಲ, ಉಸಿರು ಸಾಕು. ಮಕ್ಕಳು ಉಸಿರು ತೆಗೆದುಕೊಂಡ ಕಡೆಯೆಲ್ಲ ಅಲ್ಪವಿರಾಮ ಹಾಕುತ್ತಾರೆ. ನಮ್ಮ ಹಲ್ಮಿಡಿ ಶಾಸನದಲ್ಲಿ ಇಂದಿನ ಅಲ್ಪವಿರಾಮ, ಪೂರ್ಣವಿರಾಮಗಳಿಲ್ಲ. ಅವು ಕನ್ನಡಕ್ಕೆ ಬಂದದ್ದು 19ನೇ ಶತಮಾನದ ಮುದ್ರಣದ ಜೊತೆಗೆ, ಇಂಗ್ಲಿಷಿನ ಮಾದರಿಯಲ್ಲಿ.

ಮುಂದಿನ ಶನಿವಾರ ಹುಡುಗಿಯನ್ನು ಅರ್ಧ ಗಂಟೆ ಕೂರಿಸಿಕೊಂಡೆವು. ಮೊದಲು ಕರ್ತೃವಿಗೆ ಒಂದು ಗೆರೆ, ಅದರ ಕ್ರಿಯಾಪದಕ್ಕೆ ಎರಡು ಗೆರೆ ಎಳೆಸಿದೆವು. ಜೋಡಿಗಳನ್ನು ಎಣಿಸು, ಅದಕ್ಕಿಂತ ಒಂದು ಕಡಿಮೆ ಕೊಂಡಿ ಇರಬೇಕು ಎಂದೆವು. ಮೂರು ಜೋಡಿಗೆ ಎರಡು ಕೊಂಡಿ. ('ಐ ನೋ ಹಿ ಕೇಮ್' ಎಂಬಂಥ ಕಡೆ 'ದಟ್' ಎಂಬ ಕೊಂಡಿ ಅಡಗಿ ಕೂತಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.)

ಕೊಂಡಿ ಇಲ್ಲದಿದ್ದರೆ ಏನು ಮಾಡಬೇಕು? ಪೂರ್ಣವಿರಾಮ ಹಾಕಿ ಬೇರೆ ವಾಕ್ಯ ಮಾಡಬಹುದು. ಅರ್ಧವಿರಾಮ ಹಾಕಬಹುದು, ಆದರೆ ಪುಟಕ್ಕೆ ಒಂದಕ್ಕಿಂತ ಹೆಚ್ಚು ಬೇಡ ಎನ್ನುವುದು ನಮ್ಮ ಸಲಹೆ. ಅಲ್ಪವಿರಾಮದ ಜೊತೆ ಫಾರ್, ಅಂಡ್, ನಾರ್, ಬಟ್, ಆರ್, ಯೆಟ್, ಸೋ ಎಂಬ ಏಳರಲ್ಲಿ ಒಂದನ್ನು ಸೇರಿಸಬಹುದು. ಇಲ್ಲವೇ ಬಿಕಾಸ್, ವೆನ್, ಆಲ್ದೋ ಮುಂತಾದವುಗಳಿಂದ ಒಂದು ಮಾತನ್ನು ಇನ್ನೊಂದಕ್ಕೆ ಅಧೀನ ಮಾಡಬಹುದು. ಪೋಷಕರು ಹೈಸ್ಕೂಲಿನಲ್ಲಿ ಕಲಿತ ಸಂಯೋಜಿತ ವಾಕ್ಯ, ಮಿಶ್ರ ವಾಕ್ಯಗಳನ್ನು ನೆನಪಿಸಿಕೊಳ್ಳಿ, ಅದೇ ಇದು.

'ದೆನ್', 'ಹೌಎವರ್' ವಿಷಯದಲ್ಲಿ ಮಾತ್ರ ಜೋಕೆ. 'ಆದರೆ' ಎಂಬ ನಮ್ಮ ಒಂದು ಪದಕ್ಕೆ ಅಲ್ಲಿ 'ಬಟ್', 'ಹೌಎವರ್' ಎರಡೂ ಇವೆ. 'ಬಟ್' ಕೊಂಡಿ, 'ಹೌಎವರ್' ಕೊಂಡಿಯಲ್ಲ. 'ಇಟ್ ವಾಸ್ ಕೋಲ್ಡ್, ಹೌಎವರ್ ವಿ ವೆಂಟ್ ಔಟ್' ಎಂದರೆ ತಪ್ಪು. 'ಕೋಲ್ಡ್' ಆದಮೇಲೆ ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. 'ದೆನ್' ಕೂಡ ಹಾಗೆಯೇ. ಆ ಪುಟದ ಆರರಲ್ಲಿ ಎರಡು ತಪ್ಪು ಇದರಿಂದಲೇ ಆಗಿದ್ದವು.

ಇದೆಲ್ಲ ಬರೀ ಅಂಕಗಳ ಮಾತಲ್ಲ. ಅಂಕಗಳೂ ಮುಖ್ಯವೇ: ಒಂಟಾರಿಯೊದಲ್ಲಿ 2023ರ ಭಾಷಾ ಪಠ್ಯಕ್ರಮ 1ರಿಂದ 8ನೇ ಗ್ರೇಡಿನವರೆಗೆ ವಾಕ್ಯರಚನೆ, ವಿರಾಮಚಿಹ್ನೆಗಳನ್ನು ಪ್ರತ್ಯೇಕವಾಗಿ ಹೇಳಿಕೊಡಲು ಸೂಚಿಸುತ್ತದೆ, 10ನೇ ಗ್ರೇಡಿನಲ್ಲಿ ಡಿಪ್ಲೊಮಾಗೆ ಬೇಕಾದ ಸಾಕ್ಷರತಾ ಪರೀಕ್ಷೆಯೂ ಇದೆ. ಆದರೆ ಕೊಂಡಿ ಬಿಟ್ಟುಹೋದರೆ ಬರೆದವರ ಮನಸ್ಸೂ ತಿಳಿಯದೆ ಹೋಗುತ್ತದೆ. ಆ ಪುಟದ ಕೊನೆಯ ತಪ್ಪು ಹೀಗಿತ್ತು: 'ಮೈ ಅಜ್ಜಿ ವೆಂಟ್ ಬ್ಯಾಕ್ ಟು ಮೈಸೂರು, ಐ ಸ್ಟಾಪ್ಡ್ ಸ್ಪೀಕಿಂಗ್ ಕನ್ನಡ ಅಟ್ ಹೋಮ್.' ಅಜ್ಜಿ ಹೋದಾಗಲೋ? ಹೋದದ್ದರಿಂದಲೋ? ಅಥವಾ ಎರಡೂ ಬೇರೆ ಬೇರೆ ಸಂಗತಿಗಳೋ? ಯಾವ ಕೊಂಡಿ ಹಾಕುತ್ತೀಯಮ್ಮಾ ಎಂದು ಕೇಳಿದೆವು. ಅವಳು ಪೆನ್ಸಿಲ್ ತುದಿ ಕಚ್ಚುತ್ತಾ ಬಹಳ ಹೊತ್ತು ಕೂತಳು. ಆಮೇಲೆ ವಾಕ್ಯವನ್ನು ತಿರುಗಿಸಿ, ನಡುವೆ 'ಬಿಕಾಸ್' ಬರೆದಳು. ಕರೆದುಕೊಂಡು ಹೋಗಲು ಬಂದ ತಾಯಿ ಆ ಸಾಲನ್ನು ಎರಡು ಸಲ ಓದಿದರು. ಕ್ಲಾಸ್ ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಮಕ್ಕಳೇ, ಇವೆರಡನ್ನು ಸರಿಪಡಿಸಿ ಸೆಪ್ಟೆಂಬರಿನ ಮೊದಲ ತರಗತಿಗೆ ತನ್ನಿ. ಒಂದು: 'ವಿ ವೆಂಟ್ ಟು ಸ್ಕ್ವೇರ್ ಒನ್, ದೆನ್ ವಿ ಏಟ್ ದೋಸೆ.' ಎರಡು: 'ಮೈ ಬ್ರದರ್ ಲಾಸ್ಟ್ ಹಿಸ್ ಮಿಟನ್ಸ್ ಅಮ್ಮ ವಾಸ್ ಆಂಗ್ರಿ.' ಎರಡನೆಯದಕ್ಕೆ ಕನಿಷ್ಠ ಮೂರು ಉತ್ತರಗಳಿವೆ. ಮೂರನ್ನೂ ಬರೆದು, ಅರ್ಥದಲ್ಲಿ ಏನು ವ್ಯತ್ಯಾಸವಾಯಿತು ಎಂದು ಕೆಳಗೆ ಕನ್ನಡದಲ್ಲಿ ಬರೆಯಿರಿ.