ಷಡ್ಜದ ಕೆಳಗೊಂದು ತಂತಿ: ಮಹಾಗನಿ ಟೆನರ್ ಯುಕುಲೇಲೆಗೆ ತಂತಿ ಆರಿಸುವ ಬಗೆ

ಟೆನರ್ ಯುಕುಲೇಲೆಗೆ ನಾಲ್ಕು ತಂತಿ. ನಟ್ಟಿನಿಂದ ಕುದುರೆಯವರೆಗೆ ಮಿಡಿಯುವ ಉದ್ದ ಸುಮಾರು 17 ಇಂಚು, ಅಂದರೆ 43 ಸೆಂಟಿಮೀಟರ್. ಮಾಮೂಲಿ ಶ್ರುತಿ ಜಿ, ಸಿ, ಇ, ಎ. ರೂಢಿಯ ಮಾತಿನಲ್ಲಿ ಇವನ್ನು ತಂತಿ ಎನ್ನುತ್ತಾರಾದರೂ ಇವು ಲೋಹದವಲ್ಲ, ದಾರದ ಜಾತಿಯವು. ಮೊದಲಿಗೆ ಪ್ರಾಣಿಗಳ ಕರುಳಿನಿಂದ ಹೊಸೆದ ದಾರ ಇತ್ತು. ಈಗ ನೈಲಾನ್, ಫ್ಲೋರೋಕಾರ್ಬನ್, ಕರುಳಿನ ಗುಣವನ್ನೇ ಅನುಕರಿಸುವ ನೈಲ್ಗಟ್, ಮತ್ತು ಕೆಳದನಿಗೆಂದು ಮೇಲೆ ಲೋಹದ ಎಳೆ ಸುತ್ತಿದ ದಾರ.

ಮಂಡ್ಯ ಸೀಮೆಯಲ್ಲಿ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗುತ್ತದೆ. ಇಲ್ಲಿ ಕಣ್ಣಿಗೆ ಬೀಳುವ ತಂತಿವಾದ್ಯವೆಂದರೆ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರ ತಂಬೂರಿ, ಮೈಸೂರಿನ ಕಡೆಯಿಂದ ಬಂದ ವೀಣೆ, ಈಚೆಗೆ ಹುಡುಗರ ಹೆಗಲಿನ ಗಿಟಾರ್. ಮೂರಕ್ಕೂ ಲೋಹದ ತಂತಿಯೇ ಹೆಚ್ಚು ಬಳಕೆ. ಹಾಗಾಗಿ ಯುಕುಲೇಲೆಯನ್ನು ‘ಚಿಕ್ಕ ಗಿಟಾರ್’ ಎಂದುಕೊಂಡು ಅಂಗಡಿಯವನು ಗಿಟಾರಿನ ಉಕ್ಕಿನ ತಂತಿ ಕೊಡುವುದೂ, ಕೊಂಡವನು ಹಾಗೇ ಬಿಗಿಯುವುದೂ ಆಗುತ್ತದೆ. ಈ ಲೇಖಕನ ಮೊದಲ ವಾದ್ಯದ ಗತಿ ಅದೇ ಆಯಿತು. ಸಂಜೆ ಬಿಗಿದು ಗೋಡೆಗೆ ಒರಗಿಸಿದ್ದು. ಬೆಳಗ್ಗೆ ನೋಡಿದರೆ ಕುದುರೆಯ ಹಿಂಬದಿ ಹಲಗೆ ಬಿಟ್ಟು ಎದ್ದಿತ್ತು, ಸಂದಿಯಲ್ಲಿ ಬಸ್ ಟಿಕೆಟ್ ತೂರಿಸುವಷ್ಟು. ಲೆಕ್ಕ ಹಾಕಿದರೆ ಕಾರಣ ಸರಳ. ಯುಕುಲೇಲೆಯ ಸೆಟ್ಟು ನಾಲ್ಕೂ ಸೇರಿ ಹಲಗೆಯ ಮೇಲೆ ಹಾಕುವ ಎಳೆತ ಸುಮಾರು 21 ಕಿಲೋ. ಸಾಮಾನ್ಯ ಗಿಟಾರ್ ಸೆಟ್ಟಿನ ತಂತಿಗಳನ್ನು ಅದೇ ಶ್ರುತಿಗೆ ಏರಿಸಿದರೆ ಅದರ ಒಂದೂವರೆ ಪಟ್ಟು. ತೆಳು ಹಲಗೆ ಅದನ್ನು ತಡೆಯುವಂತೆ ಮಾಡಿದ್ದಲ್ಲ.

ವಾದ್ಯದ ಮೂಲ ಹವಾಯಿ ದ್ವೀಪಗಳು. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆಂದು ಹೊನೊಲುಲುವಿಗೆ ಬಂದವರ ಕೈಯಲ್ಲಿದ್ದ ಮಷೇಟೆ ಎಂಬ ಪುಟ್ಟ ವಾದ್ಯ ಅಲ್ಲಿ ಯುಕುಲೇಲೆಯಾಯಿತು. ಕಬ್ಬಿನ ಗದ್ದೆಯಿಂದ ಹೊರಟ ವಾದ್ಯ ಕಬ್ಬಿನ ಗದ್ದೆಗಳ ಪಾಂಡವಪುರಕ್ಕೆ ಬಂದಿದೆ ಎನ್ನಬಹುದು, ನಡುವೆ ಸುಮಾರು ಒಂದೂವರೆ ಶತಮಾನ ಮತ್ತು ಆನ್‌ಲೈನ್ ಅಂಗಡಿ. ಹವಾಯಿಯಲ್ಲಿ ಕೋವಾ ಮರ ಬಳಸುತ್ತಿದ್ದರು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಮಾರಾಟಕ್ಕೆ ತಂದ ಯುಕುಲೇಲೆಗಳು ಮಹಾಗನಿಯವು. ಇವತ್ತಿಗೂ ಅಗ್ಗದ್ದರಿಂದ ದುಬಾರಿಯವರೆಗೆ ಎಲ್ಲ ದರದಲ್ಲೂ ಸಿಗುವ ಮರ ಅದೇ.

ಮಹಾಗನಿ ಎಂಬ ಚೀಟಿಯನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ನಿಜವಾದ ಮಹಾಗನಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ. ಅದರ ದೊಡ್ಡೆಲೆಯ ಜಾತಿ 2003ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿದೆ. ಮಂಡ್ಯದ ತೆಂಗಿನ ತೋಟದ ಬೇಲಿಸಾಲಿನಲ್ಲಿ ಈಚೆಗೆ ನೆಡುತ್ತಿರುವ ಮಹಾಗನಿ ಸಸಿಗಳು ಇದೇ ಕುಲದವು, ಆದರೆ ಅವು ವಾದ್ಯವಾಗಲು ಇನ್ನೂ ಬಹಳ ಕಾಲ ಬೇಕು. ಅಗ್ಗದ ವಾದ್ಯಗಳಲ್ಲಿ ಆಫ್ರಿಕಾದ ಸಪೇಲೆಯಂಥ ಮರ ಮಹಾಗನಿಯ ಹೆಸರಿನಲ್ಲಿ ಬರುತ್ತದೆ, ಅದೂ ಇಡೀ ಹಲಗೆಯಾಗಿ ಅಲ್ಲ, ಪ್ಲೈವುಡ್ಡಾಗಿ. ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಪದರ ಕಾಣುತ್ತದೆ. ಪದರವಿದ್ದರೆ ಪ್ಲೈವುಡ್, ಮೇಲ್ಮೈಯ ಗೆರೆ ಹಾಗೇ ಅಂಚಿನಲ್ಲಿ ಮುಂದುವರಿದರೆ ಇಡೀ ಮರ. ಮರದ ಗುಣವೆಂದು ಎಲ್ಲರೂ ಹೇಳುವುದು ದನಿಯ ಬೆಚ್ಚನೆಯ ತುಂಬು, ನಡುಸ್ಥಾಯಿಯ ಬಲ, ಬೇಗ ಆರುವ ಅನುರಣನ. ಹೌದು, ಅಷ್ಟಿದೆ. ಆದರೆ ‘ಮಹಾಗನಿಗೆ ಯಾವ ತಂತಿ’ ಎಂದು ಮರದಿಂದ ಪ್ರಶ್ನೆ ಶುರುಮಾಡಿದವರು ಎರಡು ಮೂರು ಸೆಟ್ಟು ದಂಡ ತೆತ್ತ ಮೇಲೆ ಪ್ರಶ್ನೆಯನ್ನು ಹಾಡಿನಿಂದ ಶುರುಮಾಡುತ್ತಾರೆ. ಈ ಲೇಖಕನೂ ಆ ಸಾಲಿನವನೇ.

ಹಾಡಿನ ವಿಷಯ ಹೀಗಿದೆ. ಪ್ಯಾಕೆಟ್ಟಿನಲ್ಲಿ ಬರುವ ಸಾಮಾನ್ಯ ಸೆಟ್ಟಿನಲ್ಲಿ ನಾಲ್ಕನೆಯ ತಂತಿ, ಅಂದರೆ ಜಿ, ಮೇಲಿನ ಸ್ಥಾಯಿಯದು. ವೀಣೆಗಾರರಿಗೆ ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂದು ದನಿ ಕ್ರಮವಾಗಿ ಕೆಳಕ್ಕಿಳಿಯುವುದು ಅಭ್ಯಾಸ. ಇಲ್ಲಿ ಎ, ಇ, ಸಿ ಎಂದು ಇಳಿದದ್ದು ನಾಲ್ಕನೆಯದಕ್ಕೆ ಬಂದಾಗ ಥಟ್ಟನೆ ಮೇಲಕ್ಕೆ ನೆಗೆಯುತ್ತದೆ. ಬೀಸಿ ನುಡಿಸುವಾಗ ಕಿಣಿಕಿಣಿ ಎನ್ನುವ ಆ ಸೊಗಸು ಬರುವುದೇ ಈ ನೆಗೆತದಿಂದ. ಆದರೆ ವಾದ್ಯದ ಅತಿ ಕೆಳಗಿನ ಸ್ವರ ಸಿ ಆಗಿ ನಿಂತುಬಿಡುತ್ತದೆ. ಹಾರ್ಮೋನಿಯಂ ಲೆಕ್ಕದ ‘ಬಿಳಿ ಒಂದು’ ಶ್ರುತಿಯಲ್ಲಿ ಸಿ ಎಂದರೆ ಷಡ್ಜ. ಷಡ್ಜದ ಕೆಳಗೆ ವಾದ್ಯದಲ್ಲಿ ಜಾಗವೇ ಇಲ್ಲ.

ಇದನ್ನು ಮೊದಲು ಹಿಡಿದು ಹೇಳಿದ್ದು ಯಾವ ಗಿಟಾರ್ ಗುರುವೂ ಅಲ್ಲ, ಕೆ.ಆರ್. ಪೇಟೆ ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು. ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಕಲಿಸುತ್ತಿದ್ದವರು, ತಾಲೀಮಿನ ಬಿಡುವಿನಲ್ಲಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ತಂತಿ ಮೀಟಿ ನೋಡಿದರು. “ಇದ್ರಲ್ಲಿ ಕೆಳಗ್ಲ ಪಂಚಮನೇ ಇಲ್ವಲ್ಲ ಸಾ. ಷಡ್ಜದ ಕೆಳ್ಗೆ ಇಳಿಯೋದೆಂಗೆ?” ಎಂದರು. ಉತ್ತರ ಇರಲಿಲ್ಲ. ಅಲ್ಲಿಯವರೆಗೆ ಷಡ್ಜದ ಕೆಳಗಿಳಿದ ಸಾಲು ಬಂದಾಗಲೆಲ್ಲ ಅದನ್ನು ಒಂದು ಸ್ಥಾಯಿ ಮೇಲೆ ನುಡಿಸಿ ಮುಚ್ಚಿಹಾಕಿದ್ದಷ್ಟೆ.

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. 1942ರ ‘ಮೈಸೂರು ಮಲ್ಲಿಗೆ’ಯ ಪದ್ಯಗಳಿಲ್ಲದ ಶಾಲಾ ವಾರ್ಷಿಕೋತ್ಸವ ಈ ಕಡೆ ಅಪರೂಪ. ಭಾವಗೀತೆಗಳ ಧಾಟಿ ಸಾಲಿನ ಕೊನೆಯಲ್ಲಿ ಮಂದ್ರದ ನಿಷಾದ, ಧೈವತ, ಪಂಚಮಗಳನ್ನು ಮುಟ್ಟಿ ಷಡ್ಜಕ್ಕೆ ಮರಳುವುದು ಹೆಚ್ಚು. ಅದಕ್ಕೆ ಬೇಕಾದದ್ದು ‘ಲೋ ಜಿ’ ಎಂದು ಕರೆಯುವ ಕೆಳಗಿನ ಜಿ. ಅದು ಬಂದೊಡನೆ ನಾಲ್ಕು ಬಿಡಿತಂತಿಗಳು ಮಂದ್ರ ಪಂಚಮ, ಷಡ್ಜ, ಅಂತರ ಗಾಂಧಾರ, ಚತುಃಶ್ರುತಿ ಧೈವತ ಎಂದು ಏರುಕ್ರಮದಲ್ಲಿ ನಿಲ್ಲುತ್ತವೆ. ‘ಬಿಳಿ ಐದು’ ಶ್ರುತಿಯ ಹೆಣ್ಣುದನಿಗಂತೂ ಕೆಳಗಿನ ಜಿಯೇ ಷಡ್ಜ. ಅದಿಲ್ಲದಿದ್ದರೆ ಮಧ್ಯಸ್ಥಾಯಿಯ ಸ ರಿ ಗ ಮೂರೂ ವಾದ್ಯದಲ್ಲಿ ಇರುವುದಿಲ್ಲ. ಹಾಡುವವರ ಜೊತೆ ಬರೀ ಕಾರ್ಡ್ ಬೀಸುವವರಿಗೆ ಮೇಲಿನ ಜಿ ಸಾಕು, ಅದೇ ಚೆಂದ. ಧಾಟಿ ನುಡಿಸುವವರಿಗೆ ಲೋ ಜಿ ಬೇಕೇ ಬೇಕು. ಉಳಿದ ಆಯ್ಕೆಗಳೆಲ್ಲ ಇದರ ಹಿಂದಿನವು.

ಲೋ ಜಿ ಎರಡು ಬಗೆ. ಒಂದು, ಸುತ್ತಿಲ್ಲದ ದಪ್ಪ ಫ್ಲೋರೋಕಾರ್ಬನ್. ಇನ್ನೊಂದು, ನೈಲಾನ್ ಎಳೆಗಳ ಮೇಲೆ ಲೋಹ ಸುತ್ತಿದ್ದು. ಇಲ್ಲಿ ಸ್ವಲ್ಪ ಲೆಕ್ಕ ನೋಡುವುದು ಒಳ್ಳೆಯದು. ತಂತಿಯ ಎಳೆತ ನಿಲ್ಲುವುದು ಅದರ ಉದ್ದ, ತೂಕ ಮತ್ತು ಶ್ರುತಿಯ ಮೇಲೆ. 43 ಸೆಂಟಿಮೀಟರ್ ಉದ್ದಕ್ಕೆ 0.52 ಮಿಲಿಮೀಟರ್ ದಪ್ಪದ ಫ್ಲೋರೋಕಾರ್ಬನ್ ಎ ತಂತಿಯ ಎಳೆತ ಐದೂವರೆ ಕಿಲೋ ಆಸುಪಾಸು. 0.91 ಮಿಲಿಮೀಟರಿನ ಸುತ್ತಿಲ್ಲದ ಲೋ ಜಿಯದು ಮೂರೂವರೆ ಕಿಲೋಗಿಂತಲೂ ಕಡಿಮೆ. ಅದಕ್ಕೇ ಅದು ಬೆರಳಿಗೆ ಜೋಲುಬಿದ್ದಂತೆ ಸಿಗುತ್ತದೆ, ಗಟ್ಟಿ ಒತ್ತಿದರೆ ಶ್ರುತಿ ಮೇಲೇರುತ್ತದೆ, ಮೊದಲೇ ಮೆತ್ತಗಿರುವ ಮಹಾಗನಿಯಲ್ಲಿ ದನಿ ಗುಡಾಣದೊಳಗಿಂದ ಬಂದಂತೆ ಕೇಳಿಸುತ್ತದೆ. ಸುತ್ತುತಂತಿ ದಪ್ಪವಾಗದೆ ತೂಕ ಹೆಚ್ಚಿಸಿಕೊಳ್ಳುವುದರಿಂದ ಉಳಿದ ಮೂರರ ಬಿಗಿಗೆ ಹೊಂದುತ್ತದೆ, ದನಿ ಗಂಟೆಯಂತೆ ನಿಲ್ಲುತ್ತದೆ. ಅದರ ದೋಷ ಬೇರೆ: ಬೆರಳು ಜಾರಿದಾಗ ಕೀರಲು ಸದ್ದು, ಬೆವರಿಗೆ ಕಪ್ಪಾಗುವುದು, ಎರಡು ಮೂರನೆಯ ಮೆಟ್ಟಿಲ ಮೇಲೆ ಸುತ್ತು ಸವೆಯುವುದು. ಈ ಲೇಖಕ ಒಂದು ಸುತ್ತುತಂತಿ, ಮೂರು ಫ್ಲೋರೋಕಾರ್ಬನ್ ಎಂಬ ಬೆರಕೆಗೆ ಬಂದು ನಿಂತಿದ್ದಾನೆ. ಬೆರಕೆ ಎಂದು ಮೂಗು ಮುರಿಯುವವರು ವೀಣೆಯಲ್ಲೂ ಮೇಲಿನ ತಂತಿಗೂ ಕೆಳಗಿನ ತಂತಿಗೂ ಒಂದೇ ಲೋಹವಲ್ಲ ಎಂಬುದನ್ನು ನೆನೆಯಬಹುದು.

ಉಳಿದ ಮೂರಕ್ಕೆ ಫ್ಲೋರೋಕಾರ್ಬನ್ನೇ ಏಕೆ ಎಂಬುದಕ್ಕೆ ಮರ ಅರ್ಧ ಕಾರಣ, ಹವೆ ಇನ್ನರ್ಧ. ಫ್ಲೋರೋಕಾರ್ಬನ್ ನೈಲಾನಿಗಿಂತ ತೂಕದ ವಸ್ತು. ಒಂದೇ ಎಳೆತಕ್ಕೆ ನೈಲಾನ್ 0.65 ಮಿಲಿಮೀಟರ್ ದಪ್ಪ ಬೇಕಾದ ಕಡೆ ಇದು 0.52ರಲ್ಲೇ ಮುಗಿಯುತ್ತದೆ. ತೆಳು ತಂತಿಗೆ ದನಿಯ ಅಂಚು ಹೆಚ್ಚು. ಮಹಾಗನಿಯ ಮೆದುವಿಗೆ ಅದು ಕೂಡಿಬರುತ್ತದೆ. ಸ್ಪ್ರೂಸ್ ಹಲಗೆಯ ವಾದ್ಯದಲ್ಲಿ ಇದೇ ತಂತಿ ಚೂಪಾಯಿತು ಎನಿಸಿದರೂ ಆಶ್ಚರ್ಯವಿಲ್ಲ. ಹವೆಯ ಮಾತೆಂದರೆ, ನೈಲಾನ್ ತೇವ ಕುಡಿಯುತ್ತದೆ, ಫ್ಲೋರೋಕಾರ್ಬನ್ ಬಹುತೇಕ ಕುಡಿಯುವುದಿಲ್ಲ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೊಳೆಗೆ ನೀರು ಬಿಟ್ಟ ದಿನಗಳಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದರೆ ಉಪ್ಪು ಒದ್ದೆ. ಅದೇ ಹೊತ್ತಿಗೆ ಪಾಂಡವಪುರ ದಾಟಿ ನಾಗಮಂಗಲದ ಮೇಡಿಗೆ ಹೋದರೆ ಗಾಳಿ ಒಣ. ನೈಲಾನ್ ಕಟ್ಟಿದ ವಾದ್ಯವನ್ನು ಇಲ್ಲಿ ಶ್ರುತಿ ಮಾಡಿ ಅಲ್ಲಿ ತೆಗೆದರೆ ನಾಲ್ಕೂ ಒಂದೊಂದು ದಿಕ್ಕು. ಫ್ಲೋರೋಕಾರ್ಬನ್ನೂ ಜಾರುತ್ತದೆ, ಆದರೆ ಬಿರಡೆಗೆ ಕಾಲು ಸುತ್ತು ಕೊಟ್ಟರೆ ಮುಗಿಯಿತು. ಇಡೀ ಮರದ ವಾದ್ಯವಾದರೆ ಬೇಸಿಗೆಯ ನಾಗಮಂಗಲದಲ್ಲಿ ತಂತಿಗಿಂತ ಹಲಗೆಯದೇ ಚಿಂತೆ. ಪೆಟ್ಟಿಗೆಯಲ್ಲಿ ತೇವದ ಸ್ಪಂಜಿನ ಡಬ್ಬಿಯೊಂದನ್ನು ಇಡದಿದ್ದರೆ ಬಿರುಕು ಬಿಡುತ್ತದೆ.

ಫ್ಲೋರೋಕಾರ್ಬನ್ ಮೂಲತಃ ಗಾಳದ ದಾರ. ಯುಕುಲೇಲೆ ತಂತಿಯೆಂದು ಪ್ಯಾಕೆಟ್ಟಿನಲ್ಲಿ ಬರುವುದೂ ಅದೇ ವಸ್ತು, ಬೆಲೆ ಹಲವು ಪಟ್ಟು. ಹಿನ್ನೀರಿನಲ್ಲಿ ಗಾಳ ಹಾಕುವವರಿಗೆ ದಾರ ಮಾರುವ ಅಂಗಡಿಯಲ್ಲಿ ಕೊಂಡರೆ ಒಂದು ಉರುಳೆಯಲ್ಲಿ ಹತ್ತಾರು ಸೆಟ್ಟು ಆದೀತು ಎಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. ತೊಡಕೆಂದರೆ ಗಾಜಿನಂತೆ ಹೊಳೆಯುವ ದಾರವೆಲ್ಲ ಫ್ಲೋರೋಕಾರ್ಬನ್ ಅಲ್ಲ, ಹೆಚ್ಚಿನದು ನೈಲಾನ್. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಉರುಳೆ ಹೀಗೆ ಹಾಳಾದ ಮೇಲೆ ಅಡುಗೆಮನೆಯಲ್ಲೇ ಪರೀಕ್ಷೆ ಸಿಕ್ಕಿತು. ಲೋಟದ ನೀರಿಗೆ ಇನ್ನು ಕರಗದು ಎನ್ನುವವರೆಗೆ ಉಪ್ಪು ಹಾಕಿ ಕಲಕಬೇಕು. ದಾರದ ಬೆರಳುದ್ದದ ತುಂಡನ್ನು ಒದ್ದೆಮಾಡಿ ಒಳಗೆ ಅದ್ದಿ ಬಿಡಬೇಕು. ಆ ಉಪ್ಪುನೀರಿನ ಸಾಂದ್ರತೆ 1.2, ನೈಲಾನಿನದು ಸುಮಾರು 1.14, ಫ್ಲೋರೋಕಾರ್ಬನ್ನಿನದು 1.78. ನೈಲಾನ್ ತೇಲಿಬರುತ್ತದೆ, ಫ್ಲೋರೋಕಾರ್ಬನ್ ತಳ ಹಿಡಿಯುತ್ತದೆ. ನೈಲ್ಗಟ್ ಕೂಡ ಮುಳುಗುತ್ತದೆ, ಆದರೆ ಅದು ಹಾಲುಬಣ್ಣದ್ದು, ಗಾಳದ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಬರಿ ನೀರಿನಲ್ಲಿ ಮಾಡಿದರೆ ಎಲ್ಲವೂ ಮುಳುಗಿ ಪರೀಕ್ಷೆ ಕೆಡುತ್ತದೆ.

ದಪ್ಪ ಆರಿಸುವಾಗ ಹಾಡುವವರ ಶ್ರುತಿಯನ್ನು ಕೇಳಿಕೊಳ್ಳಬೇಕು. ಶ್ರುತಿ ಒಂದು ಮನೆ, ಎಂದರೆ ಬಿಳಿಯಿಂದ ಪಕ್ಕದ ಕಪ್ಪಿಗೆ, ಏರಿದರೆ ಎಳೆತ ಶೇಕಡ 12 ಏರುತ್ತದೆ. ‘ಬಿಳಿ ಎರಡ’ಕ್ಕೆ ಹೋದರೆ ಶೇಕಡ 26. ಮೊದಲೇ ಬಿಗಿಯಾದ ಸೆಟ್ಟು ಹಾಕಿದವರು ಅಷ್ಟು ಏರಿಸಬಾರದು, ಕ್ಯಾಪೋ ಹಾಕಿಕೊಳ್ಳುವುದೇ ಸರಿ. ಕೆಳಗಿಳಿಸುವ ಅಭ್ಯಾಸದವರಿಗೆ ದಪ್ಪ ಸೆಟ್ಟು ಒಳ್ಳೆಯದು.

ಕಟ್ಟುವಾಗ ತಪ್ಪಾಗುವ ಜಾಗ ನಟ್ಟು. ಮೇಲಿನ ಜಿಗೆಂದು ಕೊರೆದ ಗಾಡಿಯಲ್ಲಿ ಲೋ ಜಿ ಕೂರುವುದಿಲ್ಲ, ಮೇಲೇ ನಿಲ್ಲುತ್ತದೆ. ಸಣ್ಣ ಅರದಿಂದ ಅಗಲ ಮಾಡಬೇಕು, ಆಳ ಮಾಡಬಾರದು. ಅರ ಹಿಡಿದ ಕೈ ಸಾಮಾನ್ಯವಾಗಿ ಕೆಳಕ್ಕೇ ಒತ್ತುತ್ತದೆ. ಒಂದು ಕೂದಲಷ್ಟು ಹೆಚ್ಚಾದರೂ ಬಿಡಿತಂತಿ ಮೊದಲ ಮೆಟ್ಟಿಲಿಗೆ ತಾಗಿ ಬಿರ್ ಎನ್ನುತ್ತದೆ. ಹಾಗಾದರೆ ನಟ್ಟು ಬದಲಿಸಬೇಕಿಲ್ಲ. ಗಾಡಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಫೆವಿಕ್ವಿಕ್ಕಿನ ಒಂದೇ ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಮತ್ತೆ ಅರ ಹಾಕಬಹುದು. ಹನಿ ಎರಡಾದರೆ ಕುತ್ತಿಗೆಯ ಮೇಲೆ ಹರಿದು ಕಲೆ ಉಳಿಯುತ್ತದೆ, ಉಳಿದಿದೆ.

ಕುದುರೆಯ ಕಡೆ ಫ್ಲೋರೋಕಾರ್ಬನ್ ನುಣುಪು, ಗಂಟು ಜಾರುತ್ತದೆ. ಎ ತಂತಿಗೆ ಒಂದು ಸುತ್ತು ಹೆಚ್ಚು ಹಾಕಿ, ಬಾಲವನ್ನು ಕುದುರೆಯ ಹಿಂಬದಿಗೆ ಬರುವಂತೆ ಸಿಕ್ಕಿಸಬೇಕು. ಹೊಸ ತಂತಿ ಒಂದು ವಾರ ಸಡಿಲುತ್ತಲೇ ಇರುತ್ತದೆ. ನೈಲಾನಿಗೆ ಇನ್ನೂ ಹೆಚ್ಚು. ಕಾರ್ಯಕ್ರಮದ ಹಿಂದಿನ ದಿನ ತಂತಿ ಬದಲಿಸುವುದಕ್ಕಿಂತ ಹಳೆಯದರಲ್ಲಿ ನುಡಿಸುವುದು ವಾಸಿ.

ಬದಲಿಸುವ ಕಾಲವನ್ನು ಬೆರಳೇ ಹೇಳುತ್ತದೆ. ಮೆಟ್ಟಿಲ ಮೇಲೆ ನಿಲ್ಲುವ ಜಾಗದಲ್ಲಿ ತಂತಿಯ ಅಡಿ ಸವರಿದರೆ ತಗ್ಗು ಸಿಗುತ್ತದೆ. ಸುತ್ತುತಂತಿಗೆ ಇದು ಬೇಗ, ಫ್ಲೋರೋಕಾರ್ಬನ್ನಿಗೆ ತಡ, ಆದ್ದರಿಂದ ಲೋ ಜಿಯನ್ನು ಬಿಡಿಯಾಗಿ ಕೊಳ್ಳುವುದು ಲಾಭ. ತೆಗೆದ ಎ ತಂತಿ ತುಂಡಾಗಿಲ್ಲದಿದ್ದರೆ ಬಿಸಾಡಬಾರದು. ಸುತ್ತಿ ಪೆಟ್ಟಿಗೆಯ ಜೇಬಿನಲ್ಲಿಡಬೇಕು, ಜೊತೆಗೊಂದು ಉಗುರು ಕತ್ತರಿ. ಯುಕುಲೇಲೆಯ ತಂತಿಗೆ ಮೈಸೂರಿಗೇ ಹೋಗಬೇಕು, ಇಲ್ಲವೆ ಕೊರಿಯರ್ ಕಾಯಬೇಕು. ರಾತ್ರಿ ಎಂಟಕ್ಕೆ ನಾಗಮಂಗಲದ ಸಂತೆಮಾಳದ ಪಕ್ಕದ ವೇದಿಕೆಯಲ್ಲಿ ಎ ಹರಿದರೆ ಅಲ್ಲಿ ಸಿಗುವುದು ಅದೊಂದೇ.