ಕೆಂಪು ಗಿಣಿ, ಮೋಹನಸ್ವಾಮಿ, ನಮ್ಮೂರ ಧೂಳು

ವಸುಧೇಂದ್ರ ನಮ್ಮ ಹಾಗೇ ಎಂಜಿನಿಯರಿಂಗ್ ಓದಿದವರು. ಊರು ಸಂಡೂರು, ಅದಿರಿನ ನಾಡು. ಗಣಿಗಾರಿಕೆ ಹಳ್ಳಿಗೆ ಏನು ಮಾಡಿತು ಅನ್ನೋದು ಅವರ ‘ಕೆಂಪು ಗಿಣಿ’ ಕತೆ. ‘ಮೋಹನಸ್ವಾಮಿ’ಯಲ್ಲಿ ಗಂಡಸನ್ನು ಪ್ರೀತಿಸುವ ಗಂಡಸಿನ ಬದುಕಿದೆ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಪುಸ್ತಕ ಬಂದದ್ದು 2013ರಲ್ಲೇ! ಎರಡನ್ನೂ ಜೊತೆಗಿಟ್ಟು ಓದ್ರಿ. ಮನೆಯಲ್ಲಿ ಬಾಯಿಬಿಡದ ಮಾತೇ ಅಲ್ಲಿ ಕತೆಯಾಗಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯದು ಸುಣ್ಣಕಲ್ಲಿನ ನೆಲ. ಸಿಮೆಂಟು, ಪರಸಿ ಹೊರಗೆ ಹೋಗುತ್ತವೆ, ಧೂಳು ಇಲ್ಲೇ ಉಳೀತದೆ. ಶಹಾಬಾದಿನ ನಮ್ಮಜ್ಜನ ಕೆಮ್ಮಿಗೆ ‘ವಯಸ್ಸಾಯ್ತಲ್ಲ’ ಅಂದು ಸುಮ್ಮನಾಗುತ್ತಿದ್ದೆವು. ಬೀಡಿಯೂ ಕಾರಣ ಇದ್ದೀತು, ಇಲ್ಲ ಅನ್ನಲ್ಲ. ಆದರೆ ಕಲ್ಲುಗಣಿಯಲ್ಲಿ ಎಷ್ಟು ವರ್ಷ ದುಡಿದೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.