ಹೊಟ್ಟೆಯೊಳಗಿನ ಗುಳಿಗೆ, ಹೊರಗಿನ ಅಯಸ್ಕಾಂತ: ದುರ್ಗದ ವಿದ್ಯಾರ್ಥಿಗಳಿಗೆ ಒಂಬತ್ತು ಸೂತ್ರಗಳು

ನುಂಗುವ ಕ್ಯಾಮೆರಾ ಈಗ ಹೊಸದಲ್ಲ. ಇಸ್ರೇಲಿನ ಗೇವ್ರಿಯೆಲ್ ಇಡ್ಡಾನ್ ರೂಪಿಸಿದ ಗುಳಿಗೆಗೆ ಅಮೆರಿಕದ ಎಫ್‌ಡಿಎ 2001ರಲ್ಲೇ ಒಪ್ಪಿಗೆ ಕೊಟ್ಟಿತು. ಆದರೆ ಅದು ಕರುಳು ತಳ್ಳಿದ ಕಡೆ ಹೋಗುವ ಗುಳಿಗೆ. ಕಿರಿದಾದ ಸಣ್ಣ ಕರುಳಿಗೆ ಅಷ್ಟು ಸಾಕು. ಚೀಲದಂತೆ ಅಗಲವಾದ ಜಠರಕ್ಕೆ ಸಾಲದು. ಅಲ್ಲಿ ಮೂಲೆಮೂಲೆ ನೋಡಬೇಕಾದರೆ ಗುಳಿಗೆಯನ್ನು ನಾವೇ ನಡೆಸಬೇಕು. ಅದಕ್ಕಾಗಿ ಗುಳಿಗೆಯೊಳಗೆ ಪುಟ್ಟ ಅಯಸ್ಕಾಂತ ಇಟ್ಟು, ಹೊರಗಿನಿಂದ ದೊಡ್ಡ ಅಯಸ್ಕಾಂತ ಆಡಿಸುತ್ತಾರೆ. ಇಂಥ ನ್ಯಾವಿಕ್ಯಾಮ್ ಎಂಬ ವ್ಯವಸ್ಥೆಗೆ 2020ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು.

ವೈದ್ಯರು ಪರದೆ ನೋಡುತ್ತಾ ಗುಳಿಗೆ ತಿರುಗಿಸುವ ಮೊದಲು ಆ ಅಯಸ್ಕಾಂತದ ಬಲವನ್ನು ಯಾರೋ ಒಬ್ಬರು ಅಳೆದು, ಪಟ್ಟಿ ಮಾಡಿ, ಸಹಿ ಹಾಕಿರಬೇಕು. ಆ ಕ್ಯಾಲಿಬ್ರೇಷನ್ ಕೆಲಸ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಡಿಪ್ಲೊಮಾ, ಬಿ.ಎಸ್ಸಿ., ಎಂಜಿನಿಯರಿಂಗ್ ಮಕ್ಕಳ ಕೈಗೆ ಎಟುಕುವಂಥದ್ದು ಎಂಬುದು ನನ್ನ ದೃಢ ನಂಬಿಕೆ. ದುಬಾರಿ ಯಂತ್ರ ಆಮೇಲೆ ಬರಲಿ. ಕಲಿಕೆ ಇವತ್ತೇ ಶುರುವಾಗಲಿ.

1. ಮೊದಲು ದೂರವನ್ನು ಅಳೆಯಿರಿ.
ಪುಟ್ಟ ಅಯಸ್ಕಾಂತದ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದು. ಎರಡು ಅಯಸ್ಕಾಂತಗಳ ನಡುವಿನ ಸೆಳೆತ ಇನ್ನೂ ಬೇಗ ಕುಸಿದು ಹದಿನಾರನೇ ಒಂದಾಗುತ್ತದೆ. ತೆಳ್ಳಗಿನ ರೋಗಿಯಲ್ಲಿ ಗುಳಿಗೆ 10 ಸೆಂ.ಮೀ. ಆಳದಲ್ಲಿದ್ದು, ದಪ್ಪ ಮೈಯವರಲ್ಲಿ 15 ಸೆಂ.ಮೀ. ಆಳದಲ್ಲಿದ್ದರೆ ಸೆಳೆತ ಐದರಲ್ಲಿ ಒಂದು ಪಾಲಿಗೆ ಇಳಿಯಿತು ಎಂದೇ ಲೆಕ್ಕ. 10 ಸೆಂ.ಮೀ. ದೂರದಲ್ಲಿ ಬರೀ 1 ಮಿ.ಮೀ. ತಪ್ಪಿದರೂ ಕ್ಷೇತ್ರದಲ್ಲಿ ಶೇ. 3, ಸೆಳೆತದಲ್ಲಿ ಶೇ. 4 ವ್ಯತ್ಯಾಸ. ಹಾಗಾಗಿ ಒಳ್ಳೆಯ ಸ್ಕೇಲು, ಅಲುಗಾಡದ ಸ್ಟ್ಯಾಂಡು ಮೊದಲು ಹೊಂದಿಸಿಕೊಳ್ಳಿ.

2. ಫೋನಿನಿಂದ ಅಭ್ಯಾಸ ಮಾಡಿ.
ನಿಮ್ಮ ಮೊಬೈಲಿನಲ್ಲಿ ದಿಕ್ಸೂಚಿ ಇದ್ದರೆ ಅದರಲ್ಲಿ ಕಾಂತಮಾಪಕವೂ ಇದೆ. ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅದರ ಅಂಕಿಗಳನ್ನು ಮೂರು ದಿಕ್ಕಿನಲ್ಲಿ ಬೇರೆಬೇರೆಯಾಗಿ ತೋರಿಸುತ್ತದೆ. 10 ಮಿ.ಮೀ. ಅಗಲದ ನಿಯೋಡಿಮಿಯಂ ಬಿಲ್ಲೆಯೊಂದನ್ನು ತನ್ನಿ. ಅದನ್ನು ದೂರ ಇಟ್ಟು, ಒಂದೇ ದಿಕ್ಕಿನ ಅಂಕಿಯನ್ನು ಬರೆದುಕೊಳ್ಳಿ, ಅದು ಭೂಮಿಯದು. ನಮ್ಮ ಸೀಮೆಯಲ್ಲಿ ಭೂಮಿಯ ಒಟ್ಟು ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಆಮೇಲೆ ಬಿಲ್ಲೆಯನ್ನು 10, 15, 20 ಸೆಂ.ಮೀ.ಗೆ ತಂದು ಓದಿ, ಭೂಮಿಯ ಪಾಲು ಕಳೆಯಿರಿ. 10ರಲ್ಲಿ 80 ಬಂದಿದ್ದರೆ 20ರಲ್ಲಿ 10 ಬರಬೇಕು. ಬಾರದಿದ್ದರೆ ಗಾಬರಿ ಬೇಡ, ಸೆನ್ಸರ್ ಫೋನಿನ ಯಾವ ಮೂಲೆಯಲ್ಲಿದೆ ಎಂದು ಹುಡುಕಿ. ಫೋನಿನ ಅಂಚಿನಿಂದ ಅಳೆದವರಿಗೆ ಒಂದೆರಡು ಸೆಂಟಿಮೀಟರ್ ತಪ್ಪುವುದು ಇಲ್ಲೇ. ಬಿಲ್ಲೆಯನ್ನು ಫೋನಿಗೆ ತೀರಾ ಹತ್ತಿರ ಮಾತ್ರ ಒಯ್ಯಬೇಡಿ, ಸೆನ್ಸರ್ ಕೆಡಬಹುದು.

3. ಗುಳಿಗೆಯನ್ನು ನೀರಿನಲ್ಲಿ ತೂಗಿ.
ಪರೀಕ್ಷೆಗೆ ಮುಂಚೆ ರೋಗಿಗೆ ನೀರು ಕುಡಿಸಿ ಜಠರ ಹಿಗ್ಗಿಸುತ್ತಾರೆ. ಒಣ ಮೇಜಿನ ಮೇಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. 28 ಮಿ.ಮೀ. ಉದ್ದ, 12 ಮಿ.ಮೀ. ದಪ್ಪ, 5 ಗ್ರಾಂ ತೂಕದ ಗುಳಿಗೆ ಎಂದುಕೊಳ್ಳಿ. ದುಂಡು ತುದಿಗಳನ್ನು ಸೇರಿಸಿದರೆ ಅದರ ಗಾತ್ರ ಸುಮಾರು 2.7 ಘನ ಸೆಂ.ಮೀ. ಅಂದರೆ 2.7 ಗ್ರಾಂ ಭಾರವನ್ನು ನೀರೇ ಹೊರುತ್ತದೆ. ಅಯಸ್ಕಾಂತ ಎತ್ತಬೇಕಾದದ್ದು ಉಳಿದ 2.3 ಗ್ರಾಂ ಮಾತ್ರ, ಹತ್ತಿರಹತ್ತಿರ 23 ಮಿಲಿನ್ಯೂಟನ್. ಬಲ ಇದಕ್ಕಿಂತ ತುಸು ಹೆಚ್ಚಾದರೆ ಗುಳಿಗೆ ಮೇಲಕ್ಕೆ ಹಾರಿ ಜಠರದ ಗೋಡೆಗೆ ಅಂಟಿಕೊಳ್ಳುತ್ತದೆ. ಹತ್ತಿರವಾದಷ್ಟೂ ಸೆಳೆತ ಏರುವುದರಿಂದ ತಾನಾಗಿ ನಡುವೆ ನಿಲ್ಲುವುದಿಲ್ಲ. ಎತ್ತುವ ಅಂತರ, ಬಿಡುವ ಅಂತರ ಎರಡನ್ನೂ ಬೇರೆಬೇರೆಯಾಗಿ ಬರೆದಿಡಿ.

4. ತಿರುಗಿಸುವುದು ಬೇರೆ, ಎಳೆಯುವುದು ಬೇರೆ.
ಎಲ್ಲೆಡೆ ಒಂದೇ ಸಮನಾದ ಕ್ಷೇತ್ರ ಗುಳಿಗೆಯ ಮುಖ ತಿರುಗಿಸುತ್ತದೆಯೇ ಹೊರತು ಎಳೆಯುವುದಿಲ್ಲ. ಎಳೆಯಲು ಕ್ಷೇತ್ರದಲ್ಲಿ ಏರಿಳಿತ ಬೇಕು. ಆದ್ದರಿಂದ ಪಟ್ಟಿಯಲ್ಲಿ ಎರಡು ಕಾಲಂ ಇರಲಿ: ಒಂದು ಕ್ಷೇತ್ರಕ್ಕೆ, ಇನ್ನೊಂದು ಪ್ರತಿ ಸೆಂಟಿಮೀಟರಿಗೆ ಅದು ಎಷ್ಟು ಬದಲಾಗುತ್ತದೆ ಎಂಬುದಕ್ಕೆ.

5. ಅಳೆಯುವ ಸಾಧನವನ್ನು ಮೊದಲು ಪರೀಕ್ಷಿಸಿ.
ಗಾಸ್‌ಮೀಟರಿನ ಹಾಲ್ ಪ್ರೋಬ್ ತನಗೆ ನೇರವಾಗಿ ಎದುರಾದ ಕ್ಷೇತ್ರವನ್ನಷ್ಟೇ ಓದುತ್ತದೆ. 10 ಡಿಗ್ರಿ ವಾಲಿದರೆ ಶೇ. 1.5 ಕಡಿಮೆ ತೋರಿಸುತ್ತದೆ. ಕೆಲಸಕ್ಕೆ ಮುಂಚೆ ಅದನ್ನು ಹೊರಗಿನ ಕ್ಷೇತ್ರ ತಡೆಯುವ ಶೂನ್ಯ ಕೋಶದಲ್ಲಿಟ್ಟು ಸೊನ್ನೆಗೆ ತನ್ನಿ. ಆಮೇಲೆ ಅಯಸ್ಕಾಂತದ ಎದುರು ಒಮ್ಮೆ ಓದಿ, ಅದೇ ಜಾಗದಲ್ಲಿ ಪ್ರೋಬನ್ನು 180 ಡಿಗ್ರಿ ತಿರುಗಿಸಿ ಎರಡನೇ ಸಲ ಓದಿ. ಎರಡೂ ಅಂಕಿ ಚಿಹ್ನೆಯಲ್ಲಿ ಮಾತ್ರ ಬೇರೆಯಾಗಿರಬೇಕು. ಮೀಟರಿನ ಸರ್ಟಿಫಿಕೇಟ್ ಅವಧಿ ಮುಗಿದಿದ್ದರೆ ಅದರ ಅಂಕಿ ಆಸ್ಪತ್ರೆಗೆ ಹೋಗಕೂಡದು.

6. ಕಬ್ಬಿಣ ದೂರವಿರಲಿ.
ನಮ್ಮ ಜಿಲ್ಲೆಗೆ ಇದು ವಿಶೇಷವಾಗಿ ಹೇಳಬೇಕಾದ ಮಾತು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅದಿರು ತುಂಬಿದೆ, ಅದರಲ್ಲಿ ಮ್ಯಾಗ್ನೆಟೈಟ್ ಕೂಡ ಸೇರಿದೆ. ಮೇಜಿಗೆ ಕಲ್ಲುಚಪ್ಪಡಿ ಹಾಕುವ ಮುನ್ನ ಅದರ ಮೇಲೆ ದಿಕ್ಸೂಚಿ ಸರಿಸಿ ನೋಡಿ; ಮುಳ್ಳು ಅಲುಗಿದರೆ ಆ ಕಲ್ಲು ಬೇಡ. ಕಲ್ಲಿಗಿಂತ ಹೆಚ್ಚು ತೊಂದರೆ ಕೊಡುವುದು ಸ್ಟೀಲ್ ಬೀರು, ಕಬ್ಬಿಣದ ಮಂಚ, ಗೋಡೆಯೊಳಗಿನ ಸರಳು. ಮರದ ಮೇಜು, ಅಲ್ಯುಮಿನಿಯಂ ಚೌಕಟ್ಟು, ಹಿತ್ತಾಳೆ ತಿರುಪು ಒಳ್ಳೆಯವು.

7. ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.
ನಿಯೋಡಿಮಿಯಂ ಅಯಸ್ಕಾಂತ ಪ್ರತಿ ಡಿಗ್ರಿಗೆ ಸುಮಾರು ಶೇ. 0.1ರಷ್ಟು ಬಲ ಕಳೆದುಕೊಳ್ಳುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ ಅಳೆದದ್ದು ಹಿರಿಯೂರಿನ ಬೇಸಿಗೆ ಮಧ್ಯಾಹ್ನದ 40 ಡಿಗ್ರಿಯಲ್ಲಿ ಶೇ. 2ರಷ್ಟು ಇಳಿದಿರುತ್ತದೆ. ಪ್ರತಿ ಸಾಲಿನ ಪಕ್ಕ ಉಷ್ಣತೆ ಬರೆಯಿರಿ. ನುಂಗಿದ ಗುಳಿಗೆ ಮಾತ್ರ ಮೈಯ 37 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

8. ಲೋಳೆಯ ಮೇಲೆ ಓಡಿಸಿ, ಗೆರೆ ಎಳೆದು ನಿಲ್ಲಿ.
ಮಾಂಸ, ಕೊಬ್ಬು, ನೀರು ಯಾವುದೂ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಆದರೆ ಲೋಳೆ, ಮಡಿಕೆ ಗುಳಿಗೆಯನ್ನು ಹಿಡಿದು ನಿಲ್ಲಿಸುತ್ತವೆ. ಮಟನ್ ಅಂಗಡಿಯ ಬೋಟಿ ತಂದು ಹರಡಿ, ಅದರ ಮೇಲೆ ನಡೆಸಿ ನೋಡಿ. ಗಾಜಿನ ಮೇಲೆ ಜಾರಿದ ಗುಳಿಗೆ ಇಲ್ಲಿ ಎಷ್ಟು ಬಲ ಬೇಡುತ್ತದೆ ಎಂದು ಆಗ ತಿಳಿಯುತ್ತದೆ. ಇನ್ನು ಸುರಕ್ಷತೆಯ ಮಾತು: ಹೊರಗಿನ ದೊಡ್ಡ ಅಯಸ್ಕಾಂತದ ಸುತ್ತ 0.5 ಮಿಲಿಟೆಸ್ಲಾ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ನೆಲದ ಮೇಲೆ ಗೆರೆ ಎಳೆಯಿರಿ. ಪೇಸ್‌ಮೇಕರ್ ಇರುವವರು ಆ ಗೆರೆ ದಾಟಬಾರದು. ಗುಳಿಗೆ ಹೊರಬರುವ ತನಕ ರೋಗಿಗೆ ಎಂಆರ್‌ಐ ಮಾಡಬಾರದು. ಈ ಎರಡರಲ್ಲಿ ರಿಯಾಯಿತಿ ಇಲ್ಲ.

9. ಹತ್ತಿರದ ಬಾಗಿಲು ತಟ್ಟಿ.
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಅವರ ತಂಡ ಕಾಂತಕ್ಷೇತ್ರದಿಂದ ನಡೆಯುವ ನ್ಯಾನೊ ರೋಬೊಟ್‌ಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅಲ್ಲೇ ಬೆಳೆದ ಥೆರಾನಾಟಿಲಸ್ ಎಂಬ ನವೋದ್ಯಮ ಹಲ್ಲಿನೊಳಗಿನ ಸೂಕ್ಷ್ಮ ನಾಳಗಳಿಗೆ ಅಂಥವನ್ನು ಇಳಿಸಿ, ಬೇರು ನಾಳದ ಚಿಕಿತ್ಸೆಯಲ್ಲಿ ಉಳಿದುಬಿಡುವ ಬ್ಯಾಕ್ಟೀರಿಯಾ ಕೊಲ್ಲುವ ದಾರಿಯನ್ನು 2022ರಲ್ಲಿ ತೋರಿಸಿತು. ಗಾತ್ರ ಬೇರೆ, ಹೊರಗಿನಿಂದ ನಡೆಸುವ ಕೌಶಲ ಒಂದೇ. ಅದೇ ಸಂಸ್ಥೆಯ ಎರಡನೇ ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಮಾಡಿ ಕಲಿಸುವ ತರಬೇತಿ ಕೊಡುತ್ತಾ ಬಂದಿದೆ.

ಹೊಸದುರ್ಗ, ಹೊಳಲ್ಕೆರೆಯ ಭೌತಶಾಸ್ತ್ರ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ: ಎರಡನೇ ಸೂತ್ರದ ಪ್ರಯೋಗವನ್ನು ಈ ತಿಂಗಳೇ ತರಗತಿಯಲ್ಲಿ ಮಾಡಿಸಿ, ಮಕ್ಕಳ ಕೈಯಿಂದಲೇ ಪಟ್ಟಿ ಬರೆಸಿ, ಆ ಪಟ್ಟಿ ಹಿಡಿದು ಕುದಾಪುರಕ್ಕೆ ಒಮ್ಮೆ ಹೋಗಿ ಬನ್ನಿ.